ವಿದ್ಯಾರ್ಥಿಗಳ ಶಿಸ್ತು, ಮುಖ್ಯೋಪಾಧ್ಯಾಯರ ಹೊಣೆ

2022ನೆಯ ಇಸವಿಯ ನವೆಂಬರಿನಲ್ಲಿ ಬೆಂಗಳೂರಿನ ಕೆಲವು ಶಾಲೆಗಳಲ್ಲಿ ಮಕ್ಕಳ ಚೀಲಗಳನ್ನು ಶೋಧಿಸಲಾಗಿ, ಮೊಬೈಲುಗಳೊಡನೆ ಸಿಗರೇಟು, ಗರ್ಭನಿರೋಧಕಗಳೂ ದೊರೆತುದು ವಾಚಕರಿಗೆ ನೆನಪಿರಬಹುದು. ಶಾಲೆಗಳ ಮುಖ್ಯಸ್ಥರು ಮಕ್ಕಳನ್ನು ಹೊರಗಟ್ಟದೆ, ತಾಯಿತಂದೆಗಳನ್ನು ಕರೆಸಿ ಆಪ್ತಸಲಹೆ ಕೊಡಿಸಿರೆಂದರು. ಇದನ್ನು ನಾವು ಮೆಚ್ಚುತ್ತೇವೆ. ಶೋಧನೆಯನ್ನಲ್ಲ, ಅದು ಪೊಲೀಸರ ಕೆಲಸ. ಬೆತ್ತ ಹೋದುದರಿಂದಲೇ ಶಿಸ್ತು ಕೆಟ್ಟಿತೆನ್ನುವವರುಂಟು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ನಿಷೇಧಿಸಿದುದು ದಂಡನೆಯನ್ನೇ ಹೊರತು, ಮುಖ್ಯೋಪಾಧ್ಯಾಯರು ಘಂಟೆಗೆ ಮೊದಲೇ ಬಂದು ಶಾಲೆಯ ಬಾಗಿಲಲ್ಲಿ ನಿಲ್ಲುವುದನ್ನಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯಂತಹ ಊರಿನಲ್ಲಿ ಕೂಲಿಗೆ ಹೋಗುವವರು ಹಗಲು ಸಭೆಗೆ ಬರಲಾರರು. ಸಂಜೆ ಕರೆಯಲಿ, ಬಾರದವರ ಮನೆಗೆ ತಾವೇ ಹೋಗಲಿ. ಅದಕ್ಕೂ ಪುರಸೊತ್ತಿಲ್ಲದಷ್ಟು ಲೆಕ್ಕಪತ್ರಗಳನ್ನು ಅವರ ತಲೆಗೆ ಹೊರಿಸಿರುವ ಇಲಾಖೆಯೂ ಇದಕ್ಕೆ ಉತ್ತರ ಹೇಳಬೇಕು.