ಮದ್ದು, ಮೂಳೆ ಮತ್ತು ಫ್ಲೋರೈಡ್ ನೀರು

ಕಾಯಿಲೆಯನ್ನು ಹತೋಟಿಗೆ ತರುವ ಔಷಧವೇ ಮೂಳೆಯನ್ನು ಸವೆಸಿದರೆ ದೋಷ ಔಷಧದ್ದೋ ಅದನ್ನು ಕೊಡುವ ಕ್ರಮದ್ದೋ ಎಂಬ ಪ್ರಶ್ನೆಗೆ, ಹಿಂದೂಪುರ, ಕಲ್ಯಾಣದುರ್ಗಗಳಂಥ ಆಂಧ್ರದ ಗಡಿಸೀಮೆಯಲ್ಲಿ ಕುಡಿಯುವ ನೀರಿನ ಮಾತೆತ್ತದೆ ಉತ್ತರ ಹೇಳಲಾಗದು. 2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಆದರೆ ಅವೆರಡೂ ಇದ್ದ ಅವಿಭಜಿತ ಅನಂತಪುರ ಜಿಲ್ಲೆಯ ಕೊಳವೆಬಾವಿಗಳಲ್ಲಿ ಹಲವೆಡೆ ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಂನ ಮಿತಿಯನ್ನು ಮೀರಿರುವುದು ಹಳೆಯ ಸಂಗತಿ.

ಮೂಳೆಯಲ್ಲಿ ಹಳೆಯದನ್ನು ಕರಗಿಸುವ ಮತ್ತು ಹೊಸದನ್ನು ಕಟ್ಟುವ ಕೋಶಗಳು ಜೀವನದುದ್ದಕ್ಕೂ ದುಡಿಯುತ್ತವೆ. ಉಬ್ಬಸ, ಕೀಲುವಾತಗಳಿಗೆ ಕೊಡುವ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್‌ಗಳು ಕಟ್ಟುವ ಕೋಶಗಳನ್ನು ಕುಗ್ಗಿಸುವುದಲ್ಲದೆ ಕರುಳು ಕ್ಯಾಲ್ಸಿಯಂ ಹೀರುವುದನ್ನೂ ತಗ್ಗಿಸುವುದರಿಂದ, ಮುರಿತದ ಅಪಾಯ ಮೊದಲ ಮೂರರಿಂದ ಆರು ತಿಂಗಳಲ್ಲೇ ಏರತೊಡಗುತ್ತದೆ. ಮೂರ್ಛೆರೋಗದ ಫೆನಿಟಾಯಿನ್ ಯಕೃತ್ತಿನಲ್ಲಿ ಡಿ ಜೀವಸತ್ವವನ್ನು ಬೇಗ ಮುಗಿಸಿಬಿಡುತ್ತದೆ. ಹೊಟ್ಟೆಯುರಿಗೆ ವರ್ಷಗಟ್ಟಲೆ ನುಂಗುವ ಪ್ಯಾಂಟೊಪ್ರಜೋಲ್ ಬಗೆಯ ಗುಳಿಗೆಗಳಿಂದ ಮೂಳೆ ಮುರಿಯಬಹುದಾದ ಅಪಾಯದ ಬಗ್ಗೆ ಅಮೆರಿಕದ ಔಷಧ ನಿಯಂತ್ರಕರು 2010ರಲ್ಲೇ ಎಚ್ಚರಿಸಿದ್ದರು, ಆದರೆ ಅಲ್ಲಿ ಕಂಡದ್ದು ಸಂಬಂಧವೇ ಹೊರತು ಖಚಿತ ಕಾರಣವಲ್ಲ.

ಫ್ಲೋರೈಡನ್ನೇ ಮೂಳೆಸವೆತಕ್ಕೆ ಮದ್ದಾಗಿ ಕೊಟ್ಟು ನೋಡಿದ ಕಾಲವೂ ಇತ್ತು. 1990ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಮುಟ್ಟು ನಿಂತ ಮಹಿಳೆಯರಿಗೆ ನಾಲ್ಕು ವರ್ಷ ಸೋಡಿಯಂ ಫ್ಲೋರೈಡ್ ಕೊಟ್ಟಾಗ ಸೊಂಟದ ಕಶೇರುಗಳ ಸಾಂದ್ರತೆ ಸುಮಾರು ಶೇ. 35ರಷ್ಟು ಏರಿತು, ಆದರೂ ಬೆನ್ನೆಲುಬಿನ ಮುರಿತಗಳು ಗಣನೀಯವಾಗಿ ತಗ್ಗಲಿಲ್ಲ, ಬೆನ್ನೆಲುಬಿನ ಹೊರಗಿನ ಮುರಿತಗಳಂತೂ ಹೆಚ್ಚಿದವು. ಮೂಳೆಯ ತೂಕವೇ ಅದರ ಗಟ್ಟಿತನವಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆದ್ದರಿಂದ ಫ್ಲೋರೈಡ್ ನೀರಿನ ಊರುಗಳಲ್ಲಿ ಸಾಂದ್ರತೆಯ ಅಳತೆಯೊಂದನ್ನೇ ನೆಚ್ಚಿ ಮೂಳೆ ಭದ್ರವೆನ್ನುವುದು ದುಡುಕು.

ಫ್ಲೋರೈಡ್ ಅತಿಯಾಗಿ ಮೈಸೇರಿ ಬರುವ ಫ್ಲೋರೋಸಿಸ್‌ನಿಂದ ಬಿಗಿದ ಬೆನ್ನು, ಮಂಡಿಗಳ ನೋವಿಗೆ ಬೇಸತ್ತವರಿಗೆ ಸ್ಟೀರಾಯ್ಡ್ ಗುಳಿಗೆ ಕೂಡಲೇ ಹಾಯೆನಿಸುತ್ತದೆ, ಅಪಾಯವೂ ಅಲ್ಲೇ ಅಡಗಿದೆ: ಮೊದಲೇ ಪೆಡಸಾದ ಮೂಳೆಗೆ ಮತ್ತೊಂದು ಪೆಟ್ಟು ಬೀಳುತ್ತದೆ, ನೋವು ಕಾಣದ್ದರಿಂದ ರೋಗಿ ಗುಳಿಗೆಯನ್ನು ಮುಂದುವರಿಸುತ್ತಾನೆ. ಇಷ್ಟಕ್ಕೆ ಔಷಧವನ್ನೇ ದೂರುವುದು ಸಲ್ಲದು, ಏಕೆಂದರೆ ಅದೇ ಸ್ಟೀರಾಯ್ಡ್ ಉಬ್ಬಸ ಕೆರಳಿದಾಗ ಪ್ರಾಣ ಉಳಿಸುತ್ತದೆ. ದೋಷವಿರುವುದು ಎಷ್ಟು ದಿನ ಎಂಬುದನ್ನು ಬರೆಯದ ಚೀಟಿಯಲ್ಲಿ, ಹಳೆಯ ಚೀಟಿಗೇ ಮತ್ತೆ ಮತ್ತೆ ಗುಳಿಗೆ ಕೊಡುವ ಅಂಗಡಿಯಲ್ಲಿ, ಮತ್ತು ಕುಡಿಯುವ ನೀರು ಯಾವುದೆಂದು ರೋಗಿಯನ್ನು ಕೇಳದ ವೈದ್ಯಪದ್ಧತಿಯಲ್ಲಿ. ಆದರೆ ಈ ಮಾತಿಗೆ ಹೆದರಿ ಬಹುಕಾಲ ನುಂಗಿದ ಸ್ಟೀರಾಯ್ಡನ್ನು ಯಾರೂ ತಾವಾಗಿಯೇ ತಟ್ಟನೆ ನಿಲ್ಲಿಸಬಾರದು. ಅದನ್ನು ವೈದ್ಯರ ಸಲಹೆಯಂತೆ ಹಂತಹಂತವಾಗಿಯೇ ಇಳಿಸಬೇಕು.