ಬಿಕ್ಕಳಿಕೆಯೂ ಅಜ್ಜಿಯ ಎಮ್ಮೆಯೂ

ಮೊನ್ನೆ ಮೊಮ್ಮಗನಿಗೆ ಬಿಕ್ಕಳಿಕೆ ಹತ್ತಿತು. "ತಾತ, ಇದು ಎಲ್ಲಿಂದ ಬರುತ್ತೆ?" ಅಂದ. ಮಕ್ಕಳೇ, ಎದೆಗೂ ಹೊಟ್ಟೆಗೂ ನಡುವೆ ಮಾಂಸದ ಒಂದು ತೆರೆ ಇದೆ. ವಪೆ ಅಂತ ವಿಜ್ಞಾನದ ಪುಸ್ತಕದಲ್ಲಿ ಓದಿರುತ್ತೀರಿ. ಅದು ಇದ್ದಕ್ಕಿದ್ದಂತೆ ಸೆಟೆದುಕೊಂಡರೆ ಬಿಕ್ಕಳಿಕೆ. ತೆರೆಯ ಮೇಲೆ ಹೃದಯ, ಶ್ವಾಸಕೋಶ. ಕೆಳಗೆ ಜಠರ, ಕರುಳು. ಅಪರೂಪಕ್ಕೆ ಕೆಲವು ಕೂಸುಗಳಿಗೆ ಹುಟ್ಟುವಾಗಲೇ ಅದರಲ್ಲಿ ತೂತಿದ್ದು, ಕರುಳು ಎದೆಗೆ ಏರಿರುತ್ತದೆ. ಹೆಚ್ಚಾಗಿ ಎಡಗಡೆಯೇ; ಬಲಗಡೆ ಯಕೃತ್ತು ಅಡ್ಡ ಕೂತಿರುತ್ತದಲ್ಲ! ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಕರುಳಿನ ಗುಳುಗುಳು ಕೇಳಿಸುವುದೂ ಉಂಟು. ವೈದ್ಯರು ಕರುಳನ್ನು ಕೆಳಗಿಳಿಸಿ ತೂತು ಹೊಲಿಯುತ್ತಾರೆ.

ಬಿ.ಕಾಂ. ಓದಿದವನಿಗೆ ಇದೆಲ್ಲ ಹೇಗೆ ಗೊತ್ತು ಅಂತೀರಾ? ಕಲಿಸಿದ್ದು ಒಂದು ಎಮ್ಮೆ.

1983ರ ಮಾತು. ಹೊಸದುರ್ಗದ ಕಡೆ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. ಐ.ಆರ್.ಡಿ.ಪಿ. ಯೋಜನೆಯಲ್ಲಿ ಎಮ್ಮೆ ಸಾಲ ಕೊಡುತ್ತಿದ್ದ ಕಾಲ; ಎಮ್ಮೆಯ ಕಿವಿಗೆ ವಿಮೆಯ ಬಿಲ್ಲೆ. ಒಬ್ಬ ಅಜ್ಜಿಯ ಎಮ್ಮೆ ಈದ ವಾರಕ್ಕೇ ಮೇವು ಬಿಟ್ಟು, ಹೊಟ್ಟೆ ಉಬ್ಬಿ ಸತ್ತಿತು. ಸಾಲ ಅರ್ಧವೂ ತೀರಿರಲಿಲ್ಲ. ವಿಮೆಗೆ ಮರಣೋತ್ತರ ಪರೀಕ್ಷೆ ಆಗಬೇಕಿತ್ತು. ಮ್ಯಾನೇಜರು ನನ್ನನ್ನೇ ಕಳಿಸಿದರು.

ಮೂಗಿಗೆ ಟವೆಲ್ ಕಟ್ಟಿಕೊಂಡು ದೂರ ನಿಂತಿದ್ದೆ. ಪಶುವೈದ್ಯರು ಹತ್ತಿರ ಕರೆದು ತೋರಿಸಿದರು. ವಪೆ ಹರಿದು, ಜೇನುಗೂಡಿನಂತೆ ಕಾಣುವ ಎರಡನೇ ಹೊಟ್ಟೆ ಎದೆಯೊಳಗೆ ನುಗ್ಗಿ ಕೂತಿತ್ತು. ಅದರಲ್ಲಿ ಚುಚ್ಚಿಕೊಂಡ ತಂತಿಯ ತುಂಡು. ದನ ಎಮ್ಮೆಗಳು ಮೇವನ್ನು ಆರಿಸಿ ಅಗಿಯುವುದಿಲ್ಲ. ಮೊದಲು ನುಂಗಿ ಆಮೇಲೆ ಮೆಲುಕು ಹಾಕುತ್ತವೆ. ಮೊಳೆ, ತಂತಿ ಭಾರಕ್ಕೆ ಆ ಎರಡನೇ ಹೊಟ್ಟೆಯಲ್ಲೇ ಉಳಿಯುತ್ತವೆ. ಅದರ ಮುಂದೆಯೇ ವಪೆ, ವಪೆಯ ಆಚೆ ಹೃದಯ. ಚುಚ್ಚಿ ಚುಚ್ಚಿ ಬಲ ಕಳೆದುಕೊಂಡ ತೆರೆ, ತುಂಬಿದ ಗಬ್ಬದ ಒತ್ತಡಕ್ಕೋ ಈಯುವಾಗಿನ ತಿಣುಕಿಗೋ ಹರಿದುಬಿಡುತ್ತದೆ. ಹಸುಗಳಿಗಿಂತ ಎಮ್ಮೆಗಳಲ್ಲೇ ಇದು ಹೆಚ್ಚು. ಕೆಲವು ಕಡೆ ದನಗಳಿಗೆ ಬೆರಳುದ್ದದ ಅಯಸ್ಕಾಂತ ನುಂಗಿಸುತ್ತಾರಂತೆ ಗೊತ್ತೇ? ಅದು ಹೊಟ್ಟೆಯಲ್ಲೇ ಕೂತು ಮೊಳೆಗಳನ್ನು ಹಿಡಿದಿಟ್ಟುಕೊಳ್ಳುತ್ತದೆ.

ಅಜ್ಜಿ ಕೇಳಿದ್ದು ಒಂದೇ: "ಸಾಮಿ, ಹುಲ್ಲು ಬಿಟ್ರೆ ಬ್ಯಾರೆ ಏನೂ ಆಕಿಲ್ಲ. ತಂತಿ ಎಲ್ಲಿಂದ ಬಂತು?"

ನನಗೆ ನಮ್ಮ ಬ್ಯಾಂಕಿನ ಹಿತ್ತಲು ನೆನಪಾಯಿತು. ರದ್ದಿ ಕಾಗದವನ್ನು ಪಿನ್ನು, ಟ್ಯಾಗಿನ ಸಮೇತ ಅಲ್ಲೇ ಸುರಿಯುತ್ತಿದ್ದೆವು. ಬೀದಿ ದನಗಳು ಬಂದು ತಿನ್ನುತ್ತಿದ್ದವು. ಅಜ್ಜಿಯ ಊರು ಅಲ್ಲಿಂದ ದೂರ. ಆ ತಂತಿ ನಮ್ಮದಲ್ಲ. ಆದರೂ ಉತ್ತರ ಕೊಡಲು ಬಾಯಿ ಬರಲಿಲ್ಲ. ಮಾರನೇ ದಿನದಿಂದ ಮೇಜಿನ ಮೇಲೆ ಹಳೇ ಹಾರ್ಲಿಕ್ಸ್ ಬಾಟಲಿ ಇಟ್ಟು ಪಿನ್ನು ಕಿತ್ತು ಹಾಕತೊಡಗಿದೆ. ಜೊತೆಯವರು ನಕ್ಕರು. ರಿಟೈರ್ ಆಗುವಷ್ಟರಲ್ಲಿ ಎಷ್ಟು ಬಾಟಲಿ ತುಂಬಿದವೋ, ಲೆಕ್ಕ ಇಟ್ಟಿಲ್ಲ.

ವಿಮೆ ಹಣ ನಾಲ್ಕು ತಿಂಗಳಿಗೆ ಬಂದು ಸಾಲಕ್ಕೆ ಜಮಾ ಆಯಿತು. ತಬ್ಬಲಿ ಕರುವನ್ನು ಅಜ್ಜಿ ಮೇಕೆ ಹಾಲು ಕುಡಿಸಿ ಸಾಕಿದಳು.