ಮತಕ್ಕೆ ಮುನ್ನ ಕಡತ ನೋಡಿ

ಬಿತ್ತುವ ಮುನ್ನ ಬೀಜವನ್ನು ಅಂಗೈಯಲ್ಲಿ ಹಿಡಿದು ನೋಡುವ ರೈತ, ಪಂಚಾಯತಿ ಚುನಾವಣೆ ಬಂದಾಗ ಮಾತ್ರ ಕಿವಿಗೆ ಬಿದ್ದುದನ್ನೇ ನಂಬಿಬಿಡುತ್ತಾನೆ. ಈ ತಪ್ಪನ್ನು ನಾನೂ ಮಾಡಿದ್ದೇನೆ.

ನಮ್ಮೂರ ಕೆರೆಯ ಹೂಳೆತ್ತುವ ಕೆಲಸದಲ್ಲಿ ಸದಸ್ಯರೊಬ್ಬರು ಹಣ ತಿಂದರೆಂದು ಒಮ್ಮೆ ಸುದ್ದಿ ಹಬ್ಬಿತು. ಅವರ ಎದುರಾಳಿಯ ಪರವಾಗಿ ಮನೆ ಮನೆಗೆ ಹೋಗಿ ಅದನ್ನೇ ಹೇಳಿದವರಲ್ಲಿ ನಾನೂ ಒಬ್ಬ. ಅವರು ಸೋತರು. ಮರುವರ್ಷ ಬೇರೊಂದು ಕೆಲಸಕ್ಕಾಗಿ ಹಳೆಯ ನಡವಳಿ ಪುಸ್ತಕ ತಿರುವಿದಾಗ ಕಂಡದ್ದೇನು? ಎತ್ತದ ಹೂಳಿಗೆ ಹಣ ಕೊಡಕೂಡದೆಂದು ಆಕ್ಷೇಪ ಬರೆಸಿದ್ದವರು ಅವರೊಬ್ಬರೇ! ಪುಸ್ತಕ ಅದೇ ಬೀರುವಿನಲ್ಲಿತ್ತು. ನಾವು ಹೋಗಿರಲಿಲ್ಲ, ಅಷ್ಟೆ.

ಪಹಣಿ ಕಂಪ್ಯೂಟರಿಗೆ ಬಂದು ಬಹಳ ವರ್ಷವಾಯಿತು. ವಿಧಾನಸಭೆ, ಲೋಕಸಭೆ ಅಭ್ಯರ್ಥಿಗಳ ಆಸ್ತಿ ಮತ್ತು ಮೊಕದ್ದಮೆಗಳ ಪ್ರಮಾಣಪತ್ರ ಮೊಬೈಲಿನಲ್ಲೇ ಸಿಗುತ್ತದೆ. ಆದರೆ ಹಳೆಯ ನಡವಳಿ, ವೋಚರು, ಅಳತೆ ಪುಸ್ತಕಗಳು ಎಷ್ಟೋ ಕಡೆ ಇಂದಿಗೂ ಕಚೇರಿಯ ಬೀರುವಿನಲ್ಲೇ ಇವೆ. ಅವನ್ನು ಕಾಣಬೇಕಾದರೆ ನಾವೇ ನಡೆದು ಹೋಗಬೇಕು.

ಇದು ಯಾರ ದಾಕ್ಷಿಣ್ಯವೂ ಅಲ್ಲ. 2005ರ ಮಾಹಿತಿ ಹಕ್ಕು ಕಾಯಿದೆ ನಕಲು ಪಡೆಯುವ ಹಕ್ಕನ್ನಷ್ಟೇ ಅಲ್ಲ, ಕಡತವನ್ನು ಕುಳಿತು ನೋಡಿ ಟಿಪ್ಪಣಿ ಮಾಡಿಕೊಳ್ಳುವ ಹಕ್ಕನ್ನೂ ಕೊಟ್ಟಿದೆ. ಅರ್ಜಿ ಶುಲ್ಕ 10 ರೂಪಾಯಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಉತ್ತರಕ್ಕೆ 30 ದಿನಗಳ ಅವಧಿಯಿರುವುದರಿಂದ ಚುನಾವಣೆ ಘೋಷಣೆಯಾದ ಮೇಲೆ ಓಡಿದರೆ ಪ್ರಯೋಜನವಿಲ್ಲ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ನಡೆಯಬೇಕಾದ ಜಮಾಬಂದಿಯಲ್ಲೂ ಲೆಕ್ಕಪತ್ರ ಕೇಳಬಹುದು. ವಿಧಾನಸಭೆ, ಲೋಕಸಭೆ ಅಭ್ಯರ್ಥಿಗಳು ಸಲ್ಲಿಸಿದ ಚುನಾವಣಾ ವೆಚ್ಚದ ಲೆಕ್ಕವನ್ನು ಜಿಲ್ಲಾ ಚುನಾವಣಾ ಅಧಿಕಾರಿಯ ಕಚೇರಿಯಲ್ಲಿ ನೋಡಲು 1961ರ ನಿಯಮಗಳು ವಿಧಿಸಿದ ಶುಲ್ಕ ಒಂದೇ ರೂಪಾಯಿ!

ಕಾಗದವೂ ಸುಳ್ಳು ಹೇಳಬಲ್ಲುದು ಎಂದು ಕೆಲವರು ಹೇಳಬಹುದು. ನಿಜ. 1994ರ ಡಿಸೆಂಬರಿನಲ್ಲಿ ರಾಜಸ್ಥಾನದ ಕೋಟ್ ಕಿರಾನಾ ಗ್ರಾಮದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಹಾಜರಿ ಪಟ್ಟಿಗಳನ್ನು ಜನರ ಮುಂದೆ ಗಟ್ಟಿಯಾಗಿ ಓದಿದರು. ಕೆಲಸಕ್ಕೇ ಹೋಗದವರ ಹೆಸರಿನಲ್ಲಿ ಕೂಲಿ ಬರೆದಿದ್ದುದು ಬಯಲಾಯಿತು. ಆದ್ದರಿಂದ ಕಡತ ನೋಡಿ. ಆಮೇಲೆ ಕೆರೆ, ಕಾಲುವೆ, ರಸ್ತೆಯ ಬಳಿಗೇ ಹೋಗಿ ತಾಳೆ ನೋಡಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಹೋಗುವಾಗ ಒಬ್ಬ ಸಂಗಾತಿಯನ್ನೂ ಒಂದು ನೋಟ್‌ಬುಕ್ಕನ್ನೂ ಜತೆಗೊಯ್ಯಿರಿ. ಪುಟ, ದಿನಾಂಕ, ಠರಾವಿನ ಸಂಖ್ಯೆ ಬರೆದುಕೊಳ್ಳಿ. ಮುಖ್ಯವಾದುದಕ್ಕೆ ದೃಢೀಕೃತ ನಕಲು ಪಡೆಯಿರಿ. ಮೂಲ ಪುಟದ ಮೇಲೆ ಗೆರೆ ಎಳೆಯಬೇಡಿ. ಗುಮಾಸ್ತರೊಡನೆ ಜಗಳ ಬೇಡ. ನಿರಾಕರಿಸಿದರೆ ಮೇಲ್ಮನವಿಗೆ ಅವಕಾಶವಿದೆ.

ಕೊನೆಯದಾಗಿ ಒಂದು ಮಾತು. ಎದುರಾಳಿಯ ಕಡತ ತೆಗೆಸಿದಂತೆ ನಮ್ಮ ಅಭ್ಯರ್ಥಿಯ ಕಡತವನ್ನೂ ತೆಗೆಸಬೇಕು. ಇಲ್ಲವಾದರೆ ಅದು ಪರಿಶೀಲನೆಯಾಗದು, ಬರೀ ಹಗೆಯಾದೀತು. ಅಂದು ಒಂದು ದಿನ ಕಚೇರಿಗೆ ಹೋಗಿದ್ದರೆ ನಾನು ಒಬ್ಬ ಪ್ರಾಮಾಣಿಕನ ಹೆಸರು ಕೆಡಿಸುತ್ತಿರಲಿಲ್ಲ. ಓದುಗರಿಗೆ ಆ ಪಶ್ಚಾತ್ತಾಪ ಬೇಡ.